ಬರ್ತೀನಿ ಎಂದು ಹೋದವರು

ಹುಬ್ಬಳ್ಳಿ, ಫೆಬ್ರವರಿ ಮೂವತ್ತು, ೨೩೯೧
ಕಾಯುವ ದಿನ, ಬೆಳಿಗ್ಗೆ

ಮಾನ್ಯ ಮಹಾನಂದಾ ಬಡಿಗೇರ ಅಕ್ಕೋರಿಗೆ,

ತಾರೀಖು ನೋಡಿ, ಬರೆದ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಮ್ಮಲ್ಲಿ ಫೆಬ್ರವರಿಗೆ ಇಪ್ಪತ್ತೊಂಬತ್ತು ಇರಲಿ ಬಿಡಲಿ, ಮೂವತ್ತು ಮಾತ್ರ ವರ್ಷ ವರ್ಷವೂ ಇರುತ್ತದೆ. ಊರನ್ನೆಲ್ಲ ನಡೆಸುವ ಜಾಲದ ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಸುಮ್ಮನೆ ನಿಂತು, ಬರಬೇಕಾದವರು ಯಾರಾದರೂ ಬಂದರೇ ಎಂದು ನೋಡುತ್ತದೆ. ಆ ನಿಮಿಷಗಳೆಲ್ಲ ಸೇರಿ ವರ್ಷಕ್ಕೊಂದು ದಿನವಾಗುತ್ತದೆ. ಅದನ್ನು ಕಾಯುವ ದಿನ ಎನ್ನುತ್ತೇವೆ. ಆ ದಿನ ಯಾರೂ ಹೊಸ ಕೆಲಸ ಹಿಡಿಯುವುದಿಲ್ಲ, ಒಲೆ ಮಾತ್ರ ಹಚ್ಚುತ್ತೇವೆ. ಬಾರದವರಿಗೆ ಕಾಗದ ಬರೆದರೆ ಜಾಲ ಅದನ್ನು ಒಯ್ಯುವುದೂ ಇದೊಂದೇ ದಿನ.

ಮಾತು ವಿಚಿತ್ರ ಎನ್ನಿಸಿದರೆ ಕ್ಷಮೆ ಇರಲಿ. ನಿಮ್ಮ ಮಾತೂ ನಮಗೆ ಅಷ್ಟೇ ವಿಚಿತ್ರ, ಆದರೂ ನಾನು ಮೂವತ್ತೆರಡು ವರ್ಷದಿಂದ ಅದನ್ನು ಬಾಯಿಪಾಠ ಹೇಳುತ್ತ ಬಂದಿದ್ದೇನೆ. ನನ್ನ ಹೆಸರು ಶಿವಗಂಗವ್ವ ಹೆಬಸೂರ, ವಯಸ್ಸು ಎಪ್ಪತ್ತೊಂದು. ನಿಮ್ಮ ದಕ್ಷಿಣ ವಲಯ ಅಂತರ್ಜಾಲ ಸಮ್ಮೇಳನದ ಮೂರನೆಯ ದಿನದ ಚರ್ಚಾಗೋಷ್ಠಿಯ ಧ್ವನಿಮುದ್ರಣ ನಮ್ಮಲ್ಲಿ ಉಳಿದಿದೆ. ಪ್ರತಿ ಕಾಯುವ ದಿನ ಮಧ್ಯಾಹ್ನ ಮೂರಕ್ಕೆ, ನಿಮ್ಮ ಸಮ್ಮೇಳನ ನಡೆದ ಹೋಟೆಲು ಇದ್ದ ಜಾಗದಲ್ಲೇ ಕಟ್ಟಿದ ಸಭಾಮನೆಯಲ್ಲಿ, ಆ ಗೋಷ್ಠಿಯನ್ನು ಒಂದು ಮಾತು ಬಿಡದೆ ಮತ್ತೆ ಮಾಡುತ್ತೇವೆ. ಮಾಡದಿದ್ದರೆ ಜಾಲ ತನ್ನ ನಿಯಮ ಮರೆತುಬಿಡುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಅದರಲ್ಲಿ ನಿಮ್ಮ ಪಾತ್ರ ನನ್ನದು. ನೀವು ತಡವರಿಸಿದ ಕಡೆ ನಾನೂ ತಡವರಿಸುತ್ತೇನೆ, ನೀವು ನೀರು ಕುಡಿದ ಕಡೆ ನಾನೂ ಕುಡಿಯುತ್ತೇನೆ. ನಮಗೆ ಸಿಕ್ಕಿರುವುದು ಧ್ವನಿ ಮಾತ್ರ, ಕಣ್ಣಿಗೆ ಕಾಣುವುದನ್ನೆಲ್ಲ ಊಹಿಸಿಕೊಳ್ಳಬೇಕು. 'ಆ ಪ್ರೊಜೆಕ್ಟರ್ ಸ್ವಲ್ಪ ಮ್ಯಾಲ ಎತ್ರೀ' ಎಂದು ಒಂದು ಕಡೆ ಹೇಳುತ್ತೀರಲ್ಲ, ಅದೇನು ವಸ್ತುವೋ ಯಾರಿಗೂ ಗೊತ್ತಿಲ್ಲ. ನಮ್ಮವರು ತಾಮ್ರದ ಕೊಡವೊಂದನ್ನು ಭಕ್ತಿಯಿಂದ ಎತ್ತಿ ಮೇಜಿನ ಮೇಲಿಡುತ್ತಾರೆ. ನಗಬೇಡಿ. ವಯಸ್ಸಿನಲ್ಲಿ ನೀವು ನನ್ನ ಮಗಳಿಗಿಂತ ಚಿಕ್ಕವರು, ಕಾಲದಲ್ಲಿ ನನ್ನ ಮುತ್ತಜ್ಜಿಯ ಮುತ್ತಜ್ಜಿಗಿಂತ ದೊಡ್ಡವರು. ಏನೆಂದು ಕರೆಯುವುದೋ ತಿಳಿಯದೆ, ನಿಮ್ಮ ವಿದ್ಯಾರ್ಥಿಗಳು ಕರೆದ ಹಾಗೆ ಅಕ್ಕೋರೇ ಎನ್ನುತ್ತಿದ್ದೇನೆ.

ಮೊದಲೆರಡು ದಿನ ನೀವು ತರಬೇತಿ ಕೊಟ್ಟಿರಿ. ಕಾಲೇಜಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವರು, ಕೇಬಲ್ ಎಳೆಯುವವರು, ಸಣ್ಣ ಸಣ್ಣ ಊರುಗಳಿಗೆ ಜಾಲದ ಸಂಪರ್ಕ ಕೊಡುವವರು, ಒಟ್ಟು ನಲವತ್ತು ಜನ. ಅವರಿಗೆ ಹಂಚಿದ ಪಾಠದ ಹಾಳೆಗಳೂ ನಮ್ಮಲ್ಲಿವೆ. ಒಂದು ಯಂತ್ರ ಪಕ್ಕದ ಯಂತ್ರವನ್ನು ಇದ್ದೀಯಾ ಎಂದು ತಿಳಿಯಲು ನಿಮಿಷಕ್ಕೊಮ್ಮೆ 'ಅದೀಯೇನು' ಎಂದು ಕೇಳಬೇಕು, ಅದು 'ಅದೀನಿ' ಎನ್ನಬೇಕು, ಮೂರು ಸಲ ಕೇಳಿದರೂ ಉತ್ತರ ಬಾರದಿದ್ದರೆ ಅದರ ಜಾಗ ಬಿಡಿಸಿ ಬೇರೆಯವರಿಗೆ ಕೊಡಬೇಕು ಎಂದು ಕಲಿಸಿದಿರಿ. ಎಷ್ಟು ಚೊಕ್ಕ ಪಾಠ! ಅಷ್ಟಕ್ಕೇ ಬಿಟ್ಟಿದ್ದರೆ ಇವತ್ತು ನಾನು ಈ ಕಾಗದ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ಮೂರನೆಯ ದಿನ, ಊಟವಾದ ಮೇಲೆ, ಯಂತ್ರಗಳು ಹೀಗೆ ಮಾತಾಡುವಾಗ ಕನ್ನಡದ ಯಾವ ಶಬ್ದ ಬಳಸಬೇಕು ಎಂದು ಚರ್ಚೆಗೆ ಕೂತಿರಿ. ಹಿಂದಿನ ಸಾಲಿನಲ್ಲಿ ಯಾರೋ ಗಿರಮಿಟ್ಟು ತಿನ್ನುತ್ತಿದ್ದರು, ಚುರಮರಿ ಕರಕರ ಎನ್ನುವುದು ಇವತ್ತಿಗೂ ಕೇಳುತ್ತದೆ. ನಮ್ಮಲ್ಲಿ ಚುರಮರಿ ಇಲ್ಲ. ಒಣಗಿದ ಎಲೆ ಹಿಡಿದು ಮುರಿಯುತ್ತೇವೆ.

ಇದ್ದವರ ಶಬ್ದ 'ಅದೀನಿ' ಎಂದು ಆಗಲೇ ಒಪ್ಪಿಗೆಯಾಗಿತ್ತು. ಬಿಟ್ಟು ಹೋಗುವ ಯಂತ್ರ ಏನು ಹೇಳಬೇಕು ಎಂಬಲ್ಲಿ ತಕರಾರು ಬಂತು. 'ಹೋಗ್ತೀನಿ ಅಂತ ಇಡೂಣ್ರೀ, ಸರಳ ಐತಿ' ಎಂದಿರಿ ನೀವು. ಆಗ ಹಿರಿಯರಾದ ಗುರುಸಿದ್ದಪ್ಪ ಹಳೇಪೇಟಿಯವರು ಕೆಮ್ಮಿ, ಗಂಟಲು ಸರಿಮಾಡಿಕೊಂಡು, 'ಏ ಬಿಡ್ತು ಅನ್ರೀ ಅಕ್ಕೋರ. ಯಾರಾದ್ರೂ ಮನಿ ಬಿಡೂ ಮುಂದ ಹೋಗ್ತೀನಿ ಅಂತಾರೇನ್ರೀ? ಬರ್ತೀನಿ ಅನ್ನಬೇಕು' ಎಂದರು. ಇಡೀ ಸಭೆ ನಕ್ಕಿತು. ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. 'ನಮ್ಮ ಕಡೆ ದಿನಕ್ಕ ನಾಕು ಸಲ ಕರೆಂಟು ಹೋಗ್ತೈತಿ. ಕರೆಂಟು ಹೋದ್ರ ಊರಽ ಹೋಗಿಬಿಡ್ತೇನ್ರೀ? ಬರ್ತೀನಿ ಅಂದವರ ಜಾಗ ಹಂಗಽ ಇಟ್ಟಿರೂಣು. ನಡುವ ಯಾರಾದ್ರೂ ಕೇಳಿದ್ರ, ಅವರ ಪರವಾಗಿ ಬಾಜೂಕಿನವರು ಅದೀನ್ರೀ ಅಂದ್ರಾತು' ಎಂದರು. ಒಳ್ಳೆಯ ಮನುಷ್ಯ, ಒಳ್ಳೆಯ ಮಾತು. ಮೂವತ್ತೆರಡು ವರ್ಷ ಕೇಳಿದರೂ ನನಗೆ ಆ ಮಾತಿನ ಮೇಲೆ ಸಿಟ್ಟು ಬರುವುದಿಲ್ಲ. ನಿಮ್ಮ ಮೇಲೆ ಬರುತ್ತದೆ. ಯಾಕೆಂದರೆ ನೀವೊಬ್ಬರೇ ಸರಿಯಾದ ಪ್ರಶ್ನೆ ಕೇಳಿದಿರಿ: 'ಅವರು ಬರದಽ ಹೋದ್ರ, ಸರ?' ಅದಕ್ಕೆ ಅವರು 'ಬರ್ತೀನಿ ಅಂದವರು ಬರದಽ ಇರ್ತಾರೇನವಾ' ಎಂದರು. ಆಗ ನೀವು ಒಂದು ಗುಟುಕು ನೀರು ಕುಡಿದು, 'ಆಯ್ತು ಬಿಡ್ರೀ' ಎಂದುಬಿಟ್ಟಿರಿ. ಒಪ್ಪಿಗೆಯೇ ಎಂದು ಗುರುಸಿದ್ದಪ್ಪನವರು ಕೇಳಿದರು, ಸಭೆಯೆಲ್ಲ 'ಹೂಂ' ಅಂದಿತು. ಪರೀಕ್ಷೆಗೆಂದು ನಿಮ್ಮ ದನಿಯನ್ನೇ ಯಂತ್ರಕ್ಕೆ ಕೊಟ್ಟಿದ್ದಿರಿ. ಮೈಕಿನ ಮುಂದೆಯೇ ಎದ್ದು, 'ಚಾ ಕುಡದ ಬರ್ತೀನ್ರೀ' ಎಂದಿರಿ. ಧ್ವನಿಮುದ್ರಣ ಅಲ್ಲಿಗೆ ಮುಗಿಯುತ್ತದೆ.

ಆ ನಿಯಮ ಹುಟ್ಟಿದ ಮೇಲೆ ಬರ್ತೀನಿ ಎಂದು ಎದ್ದುಹೋದ ಮೊದಲನೆಯವರು ನೀವು. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷದಿಂದ ಜಾಲ ನಿಮ್ಮ ಜಾಗ ಹಿಡಿದುಕೊಂಡು, ನೀವು ಚಾ ಮುಗಿಸಿ ಬರುವುದನ್ನೇ ಕಾಯುತ್ತಿದೆ.

ನೀವು ವಿಳಾಸ ಎನ್ನುವುದನ್ನು ನಾವು ಇರವು ಎನ್ನುತ್ತೇವೆ. ನಿಮ್ಮ ಕಾಲಕ್ಕೆ ಅದು ಯಂತ್ರಗಳಿಗೆ ಮಾತ್ರ ಇತ್ತು. ಬಿಸಿಲು ಏರಿ, ಬಯಲಲ್ಲಿ ಬದುಕುವುದು ಆಗದೆ, ಎಲ್ಲರೂ ತಂಪು ಗಾಳಿ ಹಂಚುವ ದೊಡ್ಡ ಮನೆಗಳಿಗೆ ಸೇರಿಕೊಂಡ ಮೇಲೆ ಅದು ಮನುಷ್ಯರಿಗೂ ಬಂತು. ಇರವು ಇದ್ದರೆ ಬಾಗಿಲು ತೆರೆಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಕೋಣೆಗೆ ನಿಮ್ಮ ಪಾಲಿನ ಗಾಳಿ ಬೀಸುತ್ತದೆ. ಗೋಡೆ ನಿಮಿಷಕ್ಕೊಮ್ಮೆ ಕರೆಯುತ್ತದೆ, ನಾವು ಓಗೊಡುತ್ತೇವೆ. ನಿದ್ದೆಯಲ್ಲಿದ್ದರೆ ಉಸಿರಾಟದ ಸದ್ದೇ ಸಾಕು. ಆದರೆ ನೋಡಿ, ನಾವು ಎಷ್ಟೆಂದರೂ ಈ ಸೀಮೆಯ ಜನ. ಮನೆ ಬಿಡುವಾಗ ಬರ್ತೀನಿ ಎನ್ನುತ್ತೇವೆ. ಹಾಸಿಗೆ ಹಿಡಿದು ಕೊನೆಯ ಉಸಿರು ಬಿಡುವವರೂ ಮಕ್ಕಳ ಮುಖ ನೋಡಿ 'ಬರ್ತೀನಿ' ಎಂದೇ ಕಣ್ಣು ಮುಚ್ಚುತ್ತಾರೆ. ಸಾಯುವವರ ಬಾಯಲ್ಲಿ ಬೇರೆ ಮಾತು ಬಂದದ್ದನ್ನು ನಾನು ಕೇಳಿಲ್ಲ. ಜಾಲ ಅದನ್ನು ನಂಬುತ್ತದೆ. ಅವರ ಜಾಗ ಹಾಗೇ ಇಟ್ಟು, ಅವರ ದನಿಯಲ್ಲೇ ಅವರ ಪರವಾಗಿ ಓಗೊಡುತ್ತದೆ. ಇಂಥವರನ್ನು ನಾವು ಬರುವವರು ಎಂದು ಕರೆಯುತ್ತೇವೆ. ಈಗ ಹುಬ್ಬಳ್ಳಿಯಲ್ಲಿ ಉಸಿರಾಡುವವರು ಒಂಬತ್ತು ಸಾವಿರ ಜನ, ಅದೀನ್ರೀ ಎನ್ನುವವರು ನಾಲ್ಕು ಲಕ್ಷ.

ನನ್ನ ಯಜಮಾನರು ಬಸವಂತಪ್ಪ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಅವರ ಕೋಣೆ ಪಕ್ಕದಲ್ಲೇ ಇದೆ. ಸಂಜೆ ಆರಕ್ಕೆ ಅದರ ಬಾಗಿಲು ತಾನೇ ತೆರೆಯುತ್ತದೆ, ಸ್ವಲ್ಪ ಹೊತ್ತು ಹಾಗೇ ನಿಂತು ಮುಚ್ಚುತ್ತದೆ. ಬೆಳಿಗ್ಗೆ ಅವರ ಸ್ನಾನದ ಹೊತ್ತಿಗೆ ನೀರು ಸುರಿದು ಬಚ್ಚಲಿಗೆ ಹರಿದುಹೋಗುತ್ತದೆ. ಆ ನೀರನ್ನು ಹಿಡಿಯಲು ಒಮ್ಮೆ ಬಕೆಟ್ ಇಟ್ಟೆ, ಅವರ ದನಿ 'ಯಾರು?' ಎಂದು ಕೇಳಿತು. ಬದುಕಿದ್ದಾಗ ಯಾರನ್ನೂ ಗದರಿಸಿದ ಮನುಷ್ಯ ಅಲ್ಲ. ಆಮೇಲೆ ನಾನು ಆ ಕೋಣೆಗೆ ಹೋಗಿಲ್ಲ. ಮೊದಮೊದಲು ಗೋಡೆಗೆ ಕಿವಿ ಹಚ್ಚಿ ಕೂರುತ್ತಿದ್ದೆ ಅಕ್ಕೋರೇ, ಸುಳ್ಳು ಯಾಕೆ ಹೇಳಲಿ. ನಿಮಿಷಕ್ಕೊಮ್ಮೆ ಗಂಡನ ದನಿ ಕೇಳುವುದು ಅಂದರೆ ಸಣ್ಣ ಮಾತೇ? ಊರಿನವರೆಲ್ಲ ಹೀಗೇ ಒಂದೊಂದು ಗೋಡೆಗೆ ಅಂಟಿಕೊಂಡಿದ್ದಾರೆ, ಅದಕ್ಕೇ ನಿಯಮ ಬದಲಿಸೋಣ ಎಂದರೆ ಯಾರೂ ಕಿವಿಗೊಡುವುದಿಲ್ಲ. ಬದಲಿಸಲು ಬರುವುದೂ ಇಲ್ಲ. ಬರ್ತೀನಿ ಅಂದವರ ಜಾಗ ಮುಟ್ಟಬಾರದು ಎಂಬುದು ಜಾಲದ ಎಲುಬಿನಲ್ಲೇ ಇದೆ.

ಹುಬ್ಬಳ್ಳಿಗೆ ಸಿಕ್ಕ ಇರವುಗಳು ಇಷ್ಟೇ ಎಂದು ನಿಮ್ಮ ಕಾಲದಲ್ಲೇ ಗೆರೆ ಎಳೆದಾಗಿತ್ತು. ಕೊನೆಯದನ್ನು ನಾಲ್ಕು ವರ್ಷದ ಹಿಂದೆ ಉಣಕಲ್ಲಿನ ಒಂದು ಮಗುವಿಗೆ ಕೊಟ್ಟರು. ಅಲ್ಲಿಂದೀಚೆಗೆ ಊರಲ್ಲಿ ತೊಟ್ಟಿಲು ಕಟ್ಟಿಲ್ಲ. ಹೀಗಿರುವಾಗ ನನ್ನ ಮಗಳು ಕಸ್ತೂರಿ, ಇನ್ನು ಮಕ್ಕಳಾಗುವುದಿಲ್ಲ ಎಂದುಕೊಂಡಿದ್ದವಳು, ನಲವತ್ತೊಂದಕ್ಕೆ ಬಸುರಾಗಿ ಹೆಣ್ಣು ಕೂಸು ಹೆತ್ತಳು. ಇರವು ಇಲ್ಲದೆ ನಮ್ಮಲ್ಲಿ ಹೆಸರಿಡುವ ಹಾಗಿಲ್ಲ, ಅದಕ್ಕೆ ಕೂಸು ಎಂದೇ ಕರೆಯುತ್ತೇವೆ. ಕೂಸಿಗೆ ಇವತ್ತಿಗೆ ಎಂಬತ್ತೊಂಬತ್ತು ದಿನ. ತೊಂಬತ್ತು ದಿನದವರೆಗೆ ತಾಯಿಯ ಪಾಲಿಗೆ ಸ್ವಲ್ಪ ಗಾಳಿ ಹೆಚ್ಚಿಗೆ ಬರುತ್ತದೆ. ನಾಳೆಗೆ ಅದು ನಿಲ್ಲುತ್ತದೆ. ಯಾರೂ ಬಂದು ಕೂಸನ್ನು ಕಿತ್ತುಕೊಳ್ಳುವುದಿಲ್ಲ, ಬೈಯುವುದಿಲ್ಲ. ಕೋಣೆಯಲ್ಲಿ ಕಸ್ತೂರಿ ಒಬ್ಬಳೇ ಇದ್ದಾಳೆ ಎಂದು ಜಾಲ ಎಣಿಸಿ ಒಬ್ಬಳಿಗೆ ಬೇಕಾದಷ್ಟೇ ಗಾಳಿ ಬಿಡುತ್ತದೆ, ಮಾರ್ಚ್ ತಿಂಗಳ ಬಿಸಿಲಲ್ಲಿ ಅದು ಇಬ್ಬರಿಗೆ ಸಾಲುವುದಿಲ್ಲ. ಗೋಡೆಯಾಚೆ, ಕೂಸಿನ ಅಜ್ಜನ ಖಾಲಿ ಕೋಣೆಯಲ್ಲಿ, ಗಾಳಿ ತಂಪಾಗಿ ಬೀಸುತ್ತಲೇ ಇರುತ್ತದೆ. ಬೇರೆಯವರು ಹೋಗಿ ಕೂತರೆ ನಿಂತುಬಿಡುತ್ತದೆ, ಕಸ್ತೂರಿ ಅದನ್ನೂ ಮಾಡಿ ನೋಡಿದ್ದಾಳೆ.

ನನ್ನ ಅಳಿಯ ಫಕೀರೇಶ ಜಾಲದ ತಂತಿ ನೋಡಿಕೊಳ್ಳುವವನು. ಮೂರು ವಾರದಿಂದ ಊಟ ನಿದ್ದೆ ಬಿಟ್ಟು ಹಳೆಯ ಕಾಗದಗಳನ್ನೆಲ್ಲ ಜಾಲಾಡಿದ. ನಿಮ್ಮ ಪಾಠದ ಹಾಳೆಗಳಲ್ಲಿ ಹದಿನಾಲ್ಕನೆಯದು ಅವನ ಕೈಗೆ ಸಿಕ್ಕಿತು. ತರಬೇತಿಯ ಎರಡನೆಯ ದಿನ, ಇನ್ನೂ ಚರ್ಚೆ ಆಗುವ ಮೊದಲು, ಅಭ್ಯಾಸಕ್ಕೆಂದು ನೀವು ಯಂತ್ರಗಳಿಗೆ 'ಹೋಗ್ತೀನಿ' ಎಂಬ ಶಬ್ದವನ್ನೇ ಕಲಿಸಿದ್ದಿರಂತೆ. ಕೆಳಗೆ 'ಅಭ್ಯಾಸ ಮುಗಿದ ಮೇಲೆ ಅಳಿಸಿರಿ' ಎಂದು ಬರೆದಿದೆ. ಯಾರೂ ಅಳಿಸಲಿಲ್ಲ. ಆ ಶಬ್ದ ಇವತ್ತಿಗೂ ಜಾಲದೊಳಗೆ ಇದೆ; ಆಡುವವರು ಇಲ್ಲದ್ದಕ್ಕೆ ಸುಮ್ಮನೆ ಬಿದ್ದಿದೆ. ಫಕೀರೇಶ ನೀರಿನ ಟಾಕಿಯೊಂದರ ಇರವಿನ ಮೇಲೆ ಹೇಳಿ ನೋಡಿದ. ಟಾಕಿಗೆ ತನ್ನದೇ ದನಿ ಇಲ್ಲ, ನೋಡಿಕೊಳ್ಳುವವನ ದನಿಯೇ ಅದರ ದನಿ. ಜಾಲ 'ಹೂಂ' ಅಂದು ಆ ಜಾಗ ಬಿಟ್ಟುಕೊಟ್ಟಿತು. ಆದರೆ ಟಾಕಿಯ ಇರವು ಟಾಕಿಗೇ ಸಲ್ಲುತ್ತದೆ, ಮನುಷ್ಯರದು ಮನುಷ್ಯರಿಗೆ. ಮನುಷ್ಯರ ಇರವು ಬಿಡಿಸಲು ಆ ಶಬ್ದವನ್ನು ಅವರವರೇ, ಅವರವರ ದನಿಯಲ್ಲಿ, ಗೋಷ್ಠಿಯ ಮೈಕಿನ ಮುಂದೆ ಹೇಳಬೇಕು. ಸತ್ತವರು ಎಲ್ಲಿಂದ ಬಂದು ಹೇಳುತ್ತಾರೆ?

ನೀವು ಹೇಳಬಹುದು ಎಂದು ನನಗೆ ಯಾಕೆ ಅನ್ನಿಸಿತೆಂದರೆ, ಹೋದ ವರ್ಷ ಒಂದು ಸಂಗತಿ ನಡೆಯಿತು. ಗೋಷ್ಠಿಯ ಕೊನೆಗೆ ನಾವೆಲ್ಲ ಎಂದಿನಂತೆ 'ಹೂಂ' ಅಂದೆವು. ನಾವು ನಿಲ್ಲಿಸಿದ ಮೇಲೂ ಹೂಂ ನಿಲ್ಲಲಿಲ್ಲ. ನಾಲ್ಕೂ ಗೋಡೆಯೊಳಗಿಂದ, ನಮ್ಮ ಅಪ್ಪ ಅಮ್ಮಂದಿರ ದನಿಯಲ್ಲಿ, ಎಷ್ಟೋ ಹೊತ್ತು ಬರುತ್ತಲೇ ಇತ್ತು. ಗುರುಸಿದ್ದಪ್ಪನವರ ಪಾತ್ರ ಮಾಡುವ ದ್ಯಾಮಣ್ಣ ಬೇಕಾದ್ದಕ್ಕಿಂತ ಹೆಚ್ಚು ಕೆಮ್ಮುವ ಮನುಷ್ಯ, ಅವನೂ ಕೆಮ್ಮು ಮರೆತು ಕೂತ. ನಾನು ಹೇಗೋ ಧೈರ್ಯ ತಂದುಕೊಂಡು ನಿಮ್ಮ ಕೊನೆಯ ಮಾತು ಹೇಳಿದೆ, 'ಚಾ ಕುಡದ ಬರ್ತೀನ್ರೀ' ಎಂದೆ. ಆಗ ಎದುರಿನ ಗೋಡೆ ನಿಮ್ಮ ದನಿಯಲ್ಲಿ, ಅಂದಿನವರೆಗೆ ಅದೀನ್ರೀ ಎಂಬುದೊಂದನ್ನು ಬಿಟ್ಟು ಬೇರೇನೂ ಆಡದಿದ್ದ ದನಿಯಲ್ಲಿ, 'ಬಂದೆ, ಬಂದೆ' ಅಂದಿತು. ಉಳಿದವರು ಹೆದರಿ ಎದ್ದು ಓಡಿದರು. ನಾನು ಕೂತೇ ಇದ್ದೆ, ಮೊಣಕಾಲು ನೋವಿಗೆ ಓಡಲು ಆಗಲಿಲ್ಲ ಎಂಬುದೂ ನಿಜ. ಕರೆದಾಗ ಅಡುಗೆಮನೆಯೊಳಗಿಂದ ಬಂದೆ ಎನ್ನುವವಳು ಇನ್ನೂ ಬಂದಿರುವುದಿಲ್ಲ, ಕೈ ಒರೆಸಿಕೊಳ್ಳುತ್ತಿರುತ್ತಾಳೆ. ಆದರೆ ಕರೆದದ್ದು ಕಿವಿಗೆ ಬಿದ್ದಿರುತ್ತದೆ. ನಮ್ಮ ಮಾತು ನಿಮಗೆ ಕೇಳಿಸುತ್ತಿದೆ ಎಂದು ನನಗೆ ಅವತ್ತು ಗೊತ್ತಾಯಿತು.

ಅದಕ್ಕೆ ನನ್ನ ಕೋರಿಕೆ ಇಷ್ಟು. ಈ ಕಾಗದ ನಿಮ್ಮ ಕೈಗೆ ಬರುವ ಹೊತ್ತಿಗೆ ನೀವು ಬಹುಶಃ ಚಾದ ಲೋಟ ಹಿಡಿದು ಹೊರಗಿನ ಪಡಸಾಲೆಯಲ್ಲಿ ನಿಂತಿರುತ್ತೀರಿ. ಲೋಟ ಅಲ್ಲೇ ಇಟ್ಟು ಒಳಗೆ ಹೋಗಿ. 'ಆಯ್ತು ಬಿಡ್ರೀ' ಅಂದಿರಲ್ಲ, ಅದನ್ನು ವಾಪಸು ತೆಗೆದುಕೊಳ್ಳಿ. ದೊಡ್ಡವರ ಮಾತು ಮೀರಬೇಕಲ್ಲ ಎಂದು ಅಂಜಬೇಡಿ. ಜಗಳವಾಡಿ, ಗುರುಸಿದ್ದಪ್ಪನವರು ಸಿಟ್ಟಾದರೆ ಆಗಲಿ, ಸಂಜೆಗೆ ಧಾರವಾಡ ಪೇಡೆ ಕೊಟ್ಟು ಸಮಾಧಾನ ಮಾಡಿದರಾಯಿತು. ಕರೆಂಟು ಹೋದವರಿಗೆ ಬರ್ತೀನಿ ಇರಲಿ, ನಿಜವಾಗಿ ಹೋಗುವವರಿಗೂ ಒಂದು ಶಬ್ದ ಇರಲಿ, ಅದನ್ನು ಆಡಲು ಜನಕ್ಕೆ ನಾಚಿಕೆ ಆಗದಿರಲಿ ಎಂದು ಹೇಳಿ. ಅಷ್ಟು ಆಗದಿದ್ದರೆ ಬೇಡ. ಮೈಕಿನ ಮುಂದೆ ನಿಂತು ನಿಮ್ಮೊಬ್ಬರ ಮಟ್ಟಿಗೆ 'ಹೋಗ್ತೀನಿ' ಅಂದರೂ ಸಾಕು. ಒಂದು ಇರವು ಖಾಲಿಯಾದರೆ ಒಂದು ಕೂಸು ಉಳಿಯುತ್ತದೆ. ನಿಮಗೆ ಅದರಿಂದ ಏನೂ ತೊಂದರೆ ಆಗದು, ಆಮೇಲೆ ನೀವು ಆರಾಮಾಗಿ ಬದುಕಿ ಮಕ್ಕಳು ಮೊಮ್ಮಕ್ಕಳನ್ನು ನೋಡುವಿರಿ. ಕೂಸಿನ ಬೆರಳು ನೋಡಿದ್ದರೆ ನಾನು ಇಷ್ಟು ಬೇಡಿಕೊಳ್ಳುವ ಅಗತ್ಯವೇ ಇರಲಿಲ್ಲ.

ಬೆಳಿಗ್ಗೆ ಮುಖ ತೊಳೆದವಳೇ ಇಲ್ಲಿಗೆ ಬಂದು ಕಾಗದ ಶುರು ಮಾಡಿದೆ. ನಡುವೆ ಊಟಕ್ಕೆ ಎದ್ದದ್ದು ಬಿಟ್ಟರೆ ಸಭಾಮನೆಯಲ್ಲಿ ನಿಮ್ಮ ಮೇಜಿನ ಹತ್ತಿರವೇ ಕೂತಿದ್ದೇನೆ. ಬರೆದ ಒಂದೊಂದು ಸಾಲೂ ಆಗಿಂದಾಗಲೇ ನಿಮಗೆ ಹೋಗುತ್ತಿದೆ. ನೀವು ಹೇಳಿದ್ದರೆ ಎದುರಿನ ಗೋಡೆ ಸುಮ್ಮನಾಗಬೇಕು. ನಿಮಿಷಕ್ಕೊಮ್ಮೆ ಲೇಖನಿ ನಿಲ್ಲಿಸಿ ಕಿವಿಗೊಡುತ್ತೇನೆ. 'ಅದೀನ್ರೀ' ಅನ್ನುತ್ತದೆ. ಮತ್ತೆ ಬರೆಯುತ್ತೇನೆ. ಮತ್ತೆ 'ಅದೀನ್ರೀ' ಅನ್ನುತ್ತದೆ.

ಈಗ ಎರಡೂಮುಕ್ಕಾಲು. ಜನ ಬಂದು ಕೂರುತ್ತಿದ್ದಾರೆ, ಕೊಡ ಎತ್ತಿಟ್ಟಾಯಿತು, ದ್ಯಾಮಣ್ಣ ಕೆಮ್ಮು ಶುರು ಮಾಡಿದ. ನೀವು ಬಾರದಿದ್ದರೆ ಏನು ಮಾಡಬೇಕು ಎಂದು ಫಕೀರೇಶನಿಗೆ ಮೊದಲೇ ಹೇಳಿಟ್ಟಿದ್ದೇನೆ. ಕಸ್ತೂರಿಗೆ ಹೇಳಿಲ್ಲ, ಅವಳು ಬಿಡುವವಳಲ್ಲ. ಮೂರರ ಹೊತ್ತಿಗೆ ಅವನು ಕೂಸನ್ನು ಎತ್ತಿಕೊಂಡು ನನ್ನ ಕೋಣೆಯಲ್ಲಿ ನನ್ನ ಗೋಡೆಯ ಮುಂದೆ ನಿಂತಿರುತ್ತಾನೆ. ಇಲ್ಲಿ ನಾನು ಆ ಮಾತು ಹೇಳಿದ ಕೂಡಲೇ ಜಾಗ ಖಾಲಿಯಾಗುತ್ತದೆ. ಮುಂದಿನ ನಿಮಿಷಕ್ಕೆ ಗೋಡೆ ಕರೆದಾಗ ಯಾರ ದನಿ ಕೇಳುತ್ತದೋ ಇರವು ಅವರದು. ಕೂಸಿಗೆ ಅದೀನ್ರೀ ಅನ್ನಲು ಬರುವುದಿಲ್ಲ. ಅತ್ತರೆ ಸಾಕು. ಅಳದಿದ್ದರೆ ಮೆಲ್ಲಗೆ ಚಿವುಟು ಎಂದಿದ್ದೇನೆ, ಪಾಪ, ಅವನ ಕಣ್ಣಲ್ಲಿ ನೀರು ಬಂತು.

ನನಗೆ ಹೆದರಿಕೆ ಆಗುತ್ತಿದೆ ಅಕ್ಕೋರೇ. ಇರವು ಬಿಟ್ಟವರಿಗೆ ಯಾವ ಬಾಗಿಲೂ ತೆರೆಯುವುದಿಲ್ಲ, ಹೊರಗೆ ಹೋಗುವ ಬಾಗಿಲೊಂದು ಮಾತ್ರ ಯಾರನ್ನೂ ಏನೂ ಕೇಳುವುದಿಲ್ಲ. ಬಿಸಿಲಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲವಂತೆ. ಅದಕ್ಕಿಂತ, ಬಸವಂತಪ್ಪನವರು ಗೋಡೆಯಲ್ಲಿ ಇರುತ್ತಾರೆ, ನಾನು ಎಲ್ಲೂ ಇರುವುದಿಲ್ಲ. ಕಸ್ತೂರಿ ಗೋಡೆಗೆ ಕಿವಿ ಹಚ್ಚಿದರೆ ಅಲ್ಲಿ ಅವಳ ಅವ್ವ ಇಲ್ಲ. ಕೂಸಿನ ಅಳು ಕೇಳಿಸಿದ ಮೇಲೆ ಅವಳಿಗೆ ಸಿಟ್ಟು ಕಡಿಮೆಯಾದೀತು.

ಮೂರು ಬಡಿಯಿತು. ನಿಮ್ಮ ಗೋಡೆ ಈಗ ಇನ್ನೊಮ್ಮೆ ಅದೀನ್ರೀ ಅಂದಿತು. ಇರಲಿ, ನಿಮ್ಮ ಮೇಲಿನ ಸಿಟ್ಟು ಬಿಟ್ಟೆ. ನೀವು ನಿಧಾನಕ್ಕೆ ಚಾ ಕುಡಿದು ಬನ್ನಿ. ನಿಮ್ಮ ಹೆಸರಿನಲ್ಲಿ ಮೂವತ್ತೆರಡು ವರ್ಷ ಮಾತಾಡಿದ್ದೇನೆ, ಇವತ್ತು ಒಂದು ಮಾತು ನನ್ನದೇ ಆಡುತ್ತೇನೆ. ಮೈಕು ನನ್ನ ಕಡೆ ತಿರುಗಿಸುತ್ತಿದ್ದಾರೆ.

ಅಕ್ಕೋರೇ, ನಾ ಹೋಗ್ತೀನಿ.

ಶಿವಗಂಗವ್ವ